ಕಿವಿಯ ನೋವೂ ಎಂಟು ವಾರದ ಗುಳಿಗೆಯೂ

ಮಂಗಳೂರಿನ ಆಟಿ ತಿಂಗಳಲ್ಲಿ ಒಣಗದೆ ಉಳಿಯುವ ಕೊಡೆ, ಬೈರಾಸು, ಮಕ್ಕಳ ಪುಸ್ತಕದ ಚೀಲ ಮೊದಲಾದವುಗಳ ಪಟ್ಟಿಗೆ ಮನುಷ್ಯನ ಕಿವಿಯನ್ನೂ ಸೇರಿಸತಕ್ಕದ್ದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಕಿವಿ ತುರಿಸುವುದು ವಿಶೇಷವಲ್ಲ; ತುರಿಸಿದಾಗ ಬೆಂಕಿಕಡ್ಡಿಯನ್ನು ಒಳಗೆ ತೂರಿಸುವುದೂ ವಿಶೇಷವಲ್ಲ.

ನನ್ನ ಭಾವನವರು ಮಾಡಿದುದೂ ಅಷ್ಟೆ. ಅವರು ನಿವೃತ್ತ ಅಧ್ಯಾಪಕರು, ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆಯೊಡನೆ ಇಪ್ಪತ್ತು ವರ್ಷ ಸಂಸಾರ ಮಾಡಿದವರು. ಕಿವಿ ನೋಯತೊಡಗಿದಾಗ ಅಕ್ಕ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಎರಡು ತೊಟ್ಟು ಬಿಟ್ಟಳು. ಅನಂತರ ಅಂಗಡಿಯ ಹನಿಮದ್ದೂ ಆಯಿತು. ಮೂರು ವಾರ ಕಳೆದರೂ ನೋವು ಇಳಿಯಲಿಲ್ಲ. ದವಡೆಯವರೆಗೆ ಹಬ್ಬಿ, ರಾತ್ರಿಯ ನಿದ್ರೆಯನ್ನೇ ಕಸಿದುಕೊಂಡಿತು.

ಕೊನೆಗೆ ಕಿವಿಯ ವೈದ್ಯರಲ್ಲಿಗೆ ಹೋದೆವು. ಹೊರಗಿವಿಯ ಸಾಧಾರಣ ಸೋಂಕಿಗೆ ಗುಳಿಗೆಯೇ ಬೇಡವಂತೆ. ಶುಚಿಗೊಳಿಸಿ ಹನಿಮದ್ದು ಬಿಟ್ಟರೆ ವಾರ ಹತ್ತು ದಿನಗಳಲ್ಲಿ ಗುಣ. ಇದು ಆ ಜಾತಿಯದಲ್ಲ. ಕಿವಿಯ ನಾಳದ ಹೊರಭಾಗ ಮೆದು ಎಲುಬಿನದು. ಅದರಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿವೆ. ಸಕ್ಕರೆ ಕಾಯಿಲೆಯಿಂದ ಸಣ್ಣ ರಕ್ತನಾಳಗಳು ಸೊರಗಿದ ವೃದ್ಧರಲ್ಲಿ, ಒದ್ದೆಯನ್ನು ಮೆಚ್ಚುವ ಸ್ಯೂಡೊಮೊನಾಸ್ ಎಂಬ ಅಣುಜೀವಿ ಆ ಸೀಳುಗಳಲ್ಲಿ ನುಸುಳಿ ತಲೆಬುರುಡೆಯ ತಳದ ಎಲುಬನ್ನೇ ಹಿಡಿಯುತ್ತದೆ. ಮುಖದ ನರ ಅದರ ಕೈಗೆ ಸಿಕ್ಕಿದರೆ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದೆ.

ಮೆಲ್ಟ್ಸರ್ ಮತ್ತು ಕೆಲೆಮೆನ್ ಎಂಬವರು 1959ರಲ್ಲಿ ಇಂಥ ರೋಗವೊಂದರ ವೃತ್ತಾಂತವನ್ನು ಬರೆದರು. 1968ರಲ್ಲಿ ಅಮೆರಿಕದ ಚಾಂಡ್ಲರ್ 13 ರೋಗಿಗಳ ಸ್ಥಿತಿಯನ್ನು ವರ್ಣಿಸಿ ಇದಕ್ಕೆ ‘ಮಾರಕ’ ಎಂಬ ವಿಶೇಷಣವನ್ನು ಕೊಟ್ಟರು. ಅರ್ಬುದವಲ್ಲದಿದ್ದರೂ ಹೆಸರು ಸಲ್ಲುತ್ತಿತ್ತು. ಅವರಲ್ಲಿ ಸುಮಾರು ಅರ್ಧ ಮಂದಿ ಬದುಕಲಿಲ್ಲ. ಅಂದಿನ ಚಿಕಿತ್ಸೆಯೆಂದರೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ ಚುಚ್ಚುಮದ್ದು ತೆಗೆದುಕೊಳ್ಳುವುದು. ಆ ಮದ್ದುಗಳಲ್ಲೊಂದಾದ ಜೆಂಟಾಮೈಸಿನ್ ಮೂತ್ರಪಿಂಡವನ್ನು ಕೆಡಿಸಬಲ್ಲುದು, ಒಳಗಿವಿಯನ್ನೂ ಕೆಡಿಸಬಲ್ಲುದು. ಕಿವಿಗಾಗಿ ಕೊಟ್ಟ ಮದ್ದು ಕಿವಿಯನ್ನೇ ತಿನ್ನುವುದು ವೈದ್ಯಶಾಸ್ತ್ರದ ವಕ್ರೋಕ್ತಿಯೇ ಸರಿ! 1980ರ ದಶಕದ ಕೊನೆಗೆ ಸಿಪ್ರೊಫ್ಲಾಕ್ಸಸಿನ್ ಬಂದಿತು. ನುಂಗುವ ಗುಳಿಗೆಯಾದರೂ ಅದು ಎಲುಬಿನೊಳಗೆ ಇಳಿಯಬಲ್ಲುದು. ಎಷ್ಟೋ ರೋಗಿಗಳು ಮನೆಯಲ್ಲಿದ್ದುಕೊಂಡೇ ಗುಣ ಹೊಂದುವಂತಾಯಿತು.

ಭಾವನವರ ಕಿವಿಯ ಸ್ರಾವವನ್ನು ಪರೀಕ್ಷೆಗೆ ಕಳುಹಿಸಿ, ಅಣುಜೀವಿ ಆ ಮದ್ದಿಗೆ ಬಗ್ಗುತ್ತದೆಂದು ಖಚಿತಪಡಿಸಿಕೊಂಡೇ ಗುಳಿಗೆಯನ್ನು ಮುಂದುವರಿಸಿದರು. ಹಾಲಿನೊಡನೆ ನುಂಗುವ ಹಳೆಯ ಅಭ್ಯಾಸಕ್ಕೂ ನಿಷೇಧ ಬಂದಿತು. ಹಾಲಿನ ಸುಣ್ಣದ ಅಂಶ ಮದ್ದನ್ನು ರಕ್ತಕ್ಕೆ ಸೇರಗೊಡುವುದಿಲ್ಲವಂತೆ.

ಹತ್ತನೆಯ ದಿನ ನೋವು ಇಳಿಯಿತು. “ಇನ್ನು ಯಾಕೆ ಈ ಗುಳಿಗೆ?” ಎಂದರು ಭಾವನವರು.

“ನೋವು ಹೋಯಿತೆಂದರೆ ರೋಗ ಹೋಯಿತೆಂದಲ್ಲ ಮಾಷ್ಟ್ರೇ,” ಎಂದರು ವೈದ್ಯರು. “ಎಲುಬು ಗುಣವಾಗಲು ಆರರಿಂದ ಎಂಟು ವಾರ ಬೇಕು. ನಡುವೆ ಬಿಟ್ಟರೆ ಅಳಿದುಳಿದದ್ದು ಪುನಃ ಎದ್ದು ಬರುತ್ತದೆ. ಆಗ ಈ ಮದ್ದಿಗೆ ಬಗ್ಗದಿದ್ದರೆ ಮತ್ತೆ ಆಸ್ಪತ್ರೆ, ಮತ್ತೆ ಸೂಜಿ.”

ಬಗ್ಗದ ತಳಿಗಳು ಈಗಾಗಲೇ ಎಷ್ಟೋ ಕಡೆ ಕಾಣಿಸಿಕೊಂಡಿವೆ. ನೆಗಡಿಗೂ ಹೊಟ್ಟೆ ಕೆಟ್ಟುದಕ್ಕೂ ಚೀಟಿಯಿಲ್ಲದೆ ಎರಡೇ ಗುಳಿಗೆ ಕೇಳಿ ಪಡೆದ ನಮಗೂ ಅದರಲ್ಲಿ ಪಾಲುಂಟು. ಈ ಲೇಖಕನೂ ಹೊರತಲ್ಲ.

ಆರನೆಯ ವಾರ ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಎಂಬ ಅಂಕಿ ಬಹಳ ಇಳಿದಿತ್ತು. ಆದರೂ ವೈದ್ಯರು ಇನ್ನೆರಡು ವಾರಕ್ಕೆ ಬರೆದುಕೊಟ್ಟರು. ಭಾವನವರು ಗೊಣಗುತ್ತಲೇ ಮುಗಿಸಿದರು. ಎಂಟನೆಯ ವಾರ ಅಕ್ಕ ಅವರ ಮೇಜಿನ ಸೆಳೆಖಾನೆಯನ್ನು ಎಳೆದು ಬೆಂಕಿಪೆಟ್ಟಿಗೆಯನ್ನು ಹೊರಗೆ ಹಾಕಿದಳು. ಅದರ ಕೆಳಗೆ, ಎರಡು ವರ್ಷದ ಹಿಂದಿನ ಜ್ವರದಲ್ಲಿ ಬರೆದುಕೊಟ್ಟು, ಜ್ವರ ಬಿಟ್ಟಿತೆಂದು ನುಂಗದೆ ಉಳಿಸಿದ ಅದೇ ಗುಳಿಗೆಗಳು ನಾಲ್ಕು ಇದ್ದವು.