ಕೊಬ್ಬರಿ ಸೀಮೆಗೆ ಹಿಡಿದ ಎಣ್ಣೆ ಹುಚ್ಚು

ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಕುಡಿದರೆ ಬೊಜ್ಜು ಕರಗುತ್ತದೆ, ರಕ್ತನಾಳ ಶುದ್ಧವಾಗುತ್ತದೆ, ಹೃದಯ ಗಟ್ಟಿಯಾಗುತ್ತದೆ ಎಂಬ ಮಾತು ಊರೂರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಬೇರೆ ಕಡೆಯವರು ನಂಬಿದರೆ ನಂಬಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನ ಇದನ್ನು ‘ನಮ್ಮ ಹಿರಿಯರ ಕ್ರಮ’ ಎಂದು ಹೇಳಿಕೊಂಡರೆ ಮಾತ್ರ ನಗು ಬರುತ್ತದೆ. ಇಲ್ಲಿಯ ಹಿರಿಯರು ಕೊಬ್ಬರಿ ಎಣ್ಣೆ ಕುಡಿದದ್ದು ಯಾವ ಕಾಲದಲ್ಲಿ? ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ; ಕೊಬ್ಬರಿ ಎಣ್ಣೆ ಏನಿದ್ದರೂ ತಲೆಗೆ. ಅದರಲ್ಲಿ ಅಡುಗೆ ಮಾಡುವುದು ಕರಾವಳಿಯ, ಕೇರಳದ ರೂಢಿ. ತಿಪಟೂರಿಗೆ ಹೆಸರು ಬಂದದ್ದೂ ಎಣ್ಣೆಯಿಂದಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು, ಒಳಗಿನ ನೀರು ಇಂಗಿ, ಚಿಪ್ಪು ಬಿಡಿಸಿಕೊಂಡು ಉತ್ತರ ಭಾರತದವರ ಬಾಯಿಗೆ ಹೋಗುವ ಉಂಡೆ ಕೊಬ್ಬರಿಯಿಂದ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಕಟ್ಟುವಾಗಲೂ ಎಣ್ಣೆ ತೆಗೆಯುವ ಕೊಬ್ಬರಿಯೇ ಬೇರೆ, ಉಂಡೆ ಕೊಬ್ಬರಿಯೇ ಬೇರೆ: 2025ರ ಹಂಗಾಮಿಗೆ ಕ್ವಿಂಟಲಿಗೆ 11,582 ಮತ್ತು 12,100 ರೂಪಾಯಿ.

ಸಂಪ್ರದಾಯದ ಮಾತು ಬಿಟ್ಟು ಎಣ್ಣೆಯನ್ನೇ ನೋಡೋಣ. ಬಾಟಲಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದಿರುವುದು ನಿಜವೇ, ಆದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಗಿಡಮರಗಳಿಂದ ಬರುವ ಯಾವ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ರಕ್ತದ ಕೊಲೆಸ್ಟರಾಲಿನ ಬಹುಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದರೆ, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನು ರಕ್ತದಿಂದ ಹಿಂದಕ್ಕೆ ಎಳೆದುಕೊಳ್ಳುವ ಯಕೃತ್ತಿನ ಶಕ್ತಿ ಕುಗ್ಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಈ ಕೊಬ್ಬು ಸುಮಾರು ಶೇ. 90, ಗಾಣದಲ್ಲಿ ತೆಗೆದರೂ ಅಷ್ಟೇ, ‘ವರ್ಜಿನ್’ ಎಂದು ಚೀಟಿ ಅಂಟಿಸಿ ದುಪ್ಪಟ್ಟು ಬೆಲೆಗೆ ಮಾರಿದರೂ ಅಷ್ಟೇ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಮಿತಿ ಸುಮಾರು 22 ಗ್ರಾಂ. ಎರಡು ದೊಡ್ಡ ಚಮಚ ಎಣ್ಣೆಯಲ್ಲೇ ಅದು ಮುಗಿಯಿತು, ಇನ್ನೂ ತಿಂಡಿಯೇ ಆಗಿಲ್ಲ. 16 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸರಾಸರಿ 10 ಮಿಲಿಗ್ರಾಂ ಏರಿಸುತ್ತದೆ. ಒಳ್ಳೆಯದೆನ್ನುವ ಎಚ್‌ಡಿಎಲ್ ಕೂಡ ಏರುತ್ತದೆ, ಸುಮಾರು 4 ಮಿಲಿಗ್ರಾಂ. ಪ್ರಚಾರಕರು ಈ 4 ಅನ್ನು ಸಾರಿ ಹೇಳಿ ಆ 10 ಅನ್ನು ನುಂಗಿಬಿಡುತ್ತಾರೆ.

ಬೊಜ್ಜು ಕರಗುವ ಕಥೆಯ ಮೂಲ ಇನ್ನೂ ಸ್ವಾರಸ್ಯದ್ದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮರಿ-ಪಿಯರ್ ಸೇಂಟ್ ಓಂಜ್ ನಡೆಸಿದ ಪ್ರಯೋಗದಲ್ಲಿ ತೂಕ ಒಂದಿಷ್ಟು ಇಳಿದದ್ದು ಹೌದು. ಆದರೆ ಅಲ್ಲಿ ಬಳಸಿದ್ದು ಬೇಗ ಜೀರ್ಣವಾಗುವ ಮಧ್ಯಮ ಸರಪಳಿ ಕೊಬ್ಬನ್ನೇ ತುಂಬಿ ವಿಶೇಷವಾಗಿ ತಯಾರಿಸಿದ ಎಣ್ಣೆ. ಅಂಗಡಿಯ ಕೊಬ್ಬರಿ ಎಣ್ಣೆಯಲ್ಲಿ ಅಂಥದ್ದು ಇರುವುದು ಶೇ. 13ರಿಂದ 15 ಎಂದು ಆಕೆಯೇ ಹೇಳಿದರು. ಆ ಮಾತನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಇದೆಲ್ಲ ಅಮೆರಿಕದ ಸೋಯಾ ವ್ಯಾಪಾರಿಗಳ ಪಿತೂರಿ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. 1980ರ ದಶಕದಲ್ಲಿ ಅವರು ತೆಂಗು, ತಾಳೆ ಎಣ್ಣೆಗಳ ವಿರುದ್ಧ ಅಬ್ಬರದ ಪ್ರಚಾರ ನಡೆಸಿದ್ದೂ ನಿಜ, ಆ ಜಾಗಕ್ಕೆ ಬಂದ ಹೈಡ್ರೋಜನೀಕರಿಸಿದ ಎಣ್ಣೆಗಳು ಇನ್ನೂ ಕೆಟ್ಟವೆಂದು ಆಮೇಲೆ ತಿಳಿದದ್ದೂ ನಿಜ. ಆದರೆ ತೆಂಗಿನ ನಾಡೇ ಆದ ಶ್ರೀಲಂಕಾದಲ್ಲಿ ಊಟದ ತೆಂಗಿನ ಕೊಬ್ಬನ್ನು ತಗ್ಗಿಸಿ ನೋಡಿದಾಗಲೂ ಎಲ್‌ಡಿಎಲ್ ಇಳಿಯಿತಲ್ಲ, ಅದಕ್ಕೂ ಸೋಯಾದವರೇ ಕಾರಣವೇ? ಕೇರಳದಲ್ಲಿ 200 ಹೃದ್ರೋಗಿಗಳನ್ನು ಎರಡು ವರ್ಷ ಗಮನಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ವ್ಯತ್ಯಾಸ ಕಾಣಲಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಸರಿ, ಅವರು ಕೊಲೆಸ್ಟರಾಲ್ ಇಳಿಸುವ ಮಾತ್ರೆಯನ್ನೂ ನುಂಗುತ್ತಿದ್ದರು, ಎಣ್ಣೆಯನ್ನು ಅಡುಗೆಗೆ ಹಾಕುತ್ತಿದ್ದರೇ ಹೊರತು ಮದ್ದೆಂದು ಮೇಲಿಂದ ಕುಡಿಯುತ್ತಿರಲಿಲ್ಲ. ಪೆಸಿಫಿಕ್ ದ್ವೀಪಗಳಾದ ಪುಕಾಪುಕಾ, ಟೋಕೆಲಾವ್‌ಗಳ ಜನ ತೆಂಗನ್ನೇ ತಿಂದು ಹೃದ್ರೋಗವಿಲ್ಲದೆ ಬದುಕಿದರಂತೆ. ಅವರು ತಿಂದದ್ದು ನಾರು ಸಮೇತ ಕಾಯಿ, ಜೊತೆಗೆ ಮೀನು. ಅಷ್ಟಾದರೂ ತೆಂಗು ಹೆಚ್ಚು ತಿನ್ನುವ ಟೋಕೆಲಾವಿನವರ ಕೊಲೆಸ್ಟರಾಲೇ ಹೆಚ್ಚಿತ್ತು.

ಇಷ್ಟು ಕೇಳಿ ಚಟ್ನಿಗೆ ಕಾಯಿ ಹಾಕುವುದನ್ನೇ ಬಿಡುವವರು ಇನ್ನೊಂದು ತುದಿಯ ಭಕ್ತರು. ನಾಲ್ಕು ಜನರ ಪಾಲಿಗೆ ಬರುವ ಅರ್ಧ ಹೋಳು ಕಾಯಿಗೂ ಲೋಟಕ್ಕೆ ಬಗ್ಗಿಸಿಕೊಂಡ ಎಣ್ಣೆಗೂ ಸಂಬಂಧವಿಲ್ಲ. ಎಳನೀರು ಎಲ್ಲರಿಗೂ ಅಮೃತ ಎನ್ನುವವರು, ಅದರ ಪೊಟ್ಯಾಸಿಯಂ ಕಿಡ್ನಿ ಕೆಟ್ಟವರ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು ಎಂಬುದನ್ನು ಮರೆಯುತ್ತಾರೆ. ಬೆಲ್ಲದಿಂದ ಸಕ್ಕರೆ ಕಾಯಿಲೆಗೆ ತೊಂದರೆಯಿಲ್ಲ ಎನ್ನುವುದು ಶುದ್ಧ ಸುಳ್ಳು. ಬಿಸಿನೀರು, ನಿಂಬೆಹಣ್ಣು ಕೊಬ್ಬನ್ನು ಕರಗಿಸುವುದು ಪಾತ್ರೆಯಲ್ಲಿ, ಹೊಟ್ಟೆಯಲ್ಲಲ್ಲ. ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡದೆ ಚಿಪ್ಪು ಒಡೆಯದವರು, ತಿಪಟೂರಿನ ಹರಾಜಿನ ದರವನ್ನು ನಾಲ್ಕು ಕಡೆ ವಿಚಾರಿಸಿದ ಮೇಲೇ ಮಾಲು ಕೊಡುವವರು, ಹೆಸರಿಲ್ಲದ ಊರಿನ ಹೆಸರಿಲ್ಲದ ವೈದ್ಯನ ವೀಡಿಯೊಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಅದನ್ನು ನೋಡಿ ಬಿಪಿ, ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸುವವರ ಪಾಡು ನಗುವಂಥದ್ದಲ್ಲ. ಈಗಲೂ ಎಣ್ಣೆಯ ಮೇಲೇ ನಂಬಿಕೆ ಇರುವವರು ಲಿಪಿಡ್ ಪ್ರೊಫೈಲ್ ಪರೀಕ್ಷೆ ಮಾಡಿಸಲಿ, ಎರಡು ತಿಂಗಳು ಎಣ್ಣೆ ಬಿಟ್ಟು ಇನ್ನೊಮ್ಮೆ ಮಾಡಿಸಲಿ; ಮಾತ್ರೆಯನ್ನು ಮಾತ್ರ ಬಿಡದಿರಲಿ.