ತಾನೇ ಹತ್ತಿ ತಾನೇ ಆರುವ ದೀಪ: ಮನೆಯಲ್ಲಿ ಎಲ್ಲಿ, ಹೇಗೆ ಹಾಕಿಸಬೇಕು?

ಯಾರಾದರೂ ಹತ್ತಿರ ಬಂದರೆ ಹತ್ತಿ, ಹೋದ ಮೇಲೆ ಆರುವ ಸೆನ್ಸರ್ ದೀಪಗಳು ಈಗ ಸಾಮಾನ್ಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುತ್ತವೆ. ಹಲವರು ಇವನ್ನು ಗೇಟಿಗೆ, ಮೆಟ್ಟಿಲಿಗೆ ಹಾಕಿಸಿ ಸುಮ್ಮನಾಗುತ್ತಾರೆ. ನಿಜವಾಗಿ ಇವು ಮೊದಲು ಬೇಕಾದದ್ದು ಹಿರಿಯರ ಮಂಚದಿಂದ ಬಚ್ಚಲುಮನೆಯವರೆಗಿನ ದಾರಿಗೆ. ರಾತ್ರಿ ಎರಡು ಮೂರು ಸಲ ಏಳುವ ಅಜ್ಜ, ಬೆಳಗಿನ ಜಾವ ಸಾಮಾಯಿಕಕ್ಕೆ ಏಳುವ ಅಜ್ಜಿ, ಮಲಗಿದವರಿಗೆ ತೊಂದರೆಯಾದೀತೆಂದು ಸ್ವಿಚ್ ಹಾಕದೆ ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ಆ ವಯಸ್ಸಿನಲ್ಲಿ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದರೆ, ಮತ್ತೆ ಮೊದಲಿನಂತೆ ಓಡಾಡುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಹೆಚ್ಚಾಗಿ ಸಿಗುವುದು ಪಿಐಆರ್ ಸೆನ್ಸರ್. ಇದು ಕ್ಯಾಮೆರಾ ಅಲ್ಲ, ಯಾವ ಕಿರಣವನ್ನೂ ಬಿಡುವುದಿಲ್ಲ. ಎದುರಿನಲ್ಲಿ ದೇಹದ ಶಾಖ ಸರಿದಾಡಿದ್ದನ್ನು ಗುರುತಿಸುತ್ತದೆ, ಅಷ್ಟೆ. ಅಡ್ಡ ಹಾಯ್ದವರನ್ನು ಬೇಗ ಗುರುತಿಸುತ್ತದೆ. ನೇರವಾಗಿ ತನ್ನ ಕಡೆಗೇ ಬರುವವರನ್ನು ತಡವಾಗಿ. ಆದ್ದರಿಂದ ಓಣಿಯಂತಹ ಜಾಗದಲ್ಲಿ ಅದನ್ನು ಕೊನೆಯ ಗೋಡೆಗಿಂತ ಪಕ್ಕದ ಗೋಡೆಗೆ ಹಾಕುವುದು ಒಳ್ಳೆಯದು. ಮಂಚದ ಬಳಿ ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿದ್ದರೆ ಕಾಲು ಕೆಳಗಿಟ್ಟ ಕೂಡಲೇ ಹತ್ತುತ್ತದೆ, ಮಗ್ಗಲು ಬದಲಿಸಿದಾಗಲೆಲ್ಲ ಹತ್ತುವುದಿಲ್ಲ. ದೇವರ ಕೋಣೆಯ ನಂದಾದೀಪಕ್ಕೆ ಎದುರಾಗಿ ಇಡಬಾರದು. ಜ್ವಾಲೆ ಅಲುಗಿದರೂ ಸೆನ್ಸರ್ ಮೋಸಹೋಗಬಹುದು. ಸೆನ್ಸರ್ ಮೇಲೆ ಹಲ್ಲಿ ಹರಿದರೂ ಹಾಗೆಯೇ!

ರಾಯಚೂರು, ಕಲಬುರಗಿ ಕಡೆಯವರು ಒಂದು ಮಾತು ಗಮನಿಸಬೇಕು. ಬೇಸಿಗೆಯಲ್ಲಿ ಕೋಣೆಯ ಶಾಖ ಮೈಯ ಶಾಖಕ್ಕೆ ಹತ್ತಿರವಾದಾಗ ಪಿಐಆರ್ ಮಂದವಾಗುತ್ತದೆ. ಆಗ ಅದರ ಸೂಕ್ಷ್ಮತೆಯ ತಿರುಪನ್ನು ಹೆಚ್ಚಿಸಬೇಕು. ಮೈಕ್ರೋವೇವ್ ಸೆನ್ಸರಿಗೆ ಈ ತೊಂದರೆ ಇಲ್ಲ, ಆದರೆ ಅದು ಗಾಜು, ತೆಳು ಬಾಗಿಲುಗಳ ಆಚೆಗಿನ ಚಲನೆಗೂ ಹತ್ತಿಕೊಳ್ಳುತ್ತದೆ.

ಸೂಕ್ಷ್ಮತೆಯದಲ್ಲದೆ ಇನ್ನೂ ಎರಡು ತಿರುಪುಗಳಿರುತ್ತವೆ. ಒಂದು, ಎಷ್ಟು ಕತ್ತಲಾದ ಮೇಲೆ ಕೆಲಸ ಶುರುಮಾಡಬೇಕು ಎಂಬುದು. ಇನ್ನೊಂದು ಸಮಯದ್ದು, ಇದೇ ಮುಖ್ಯ. ಅಂಗಡಿಯಿಂದ ಬಂದಾಗ ಇದು ಕೆಲವೇ ಸೆಕೆಂಡಿಗೆ ಇರುವುದುಂಟು. ನಿಧಾನ ನಡೆಯುವವರು ಅರ್ಧ ದಾರಿಯಲ್ಲಿರುವಾಗಲೇ ದೀಪ ಆರಿದರೆ ಅದು ಇಲ್ಲದಿರುವುದೇ ವಾಸಿ. ದಾರಿಗೆ 2–3 ನಿಮಿಷ ಇಡಿ. ಬಚ್ಚಲುಮನೆ, ಶೌಚಾಲಯಗಳಲ್ಲಿ ಅಲುಗದೆ ಕುಳಿತವರನ್ನು ಪಿಐಆರ್ ಕಾಣುವುದಿಲ್ಲ. ಒಳಗೆ ಮಾಮೂಲು ಸ್ವಿಚ್ಚಿನ ದೀಪವೇ ಇರಲಿ, ಸೆನ್ಸರ್ ಬಾಗಿಲಿನವರೆಗೆ ಸಾಕು.

ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಎಷ್ಟೋ ಕಡೆ ನ್ಯೂಟ್ರಲ್ ವೈರ್ ಇರುವುದಿಲ್ಲ, ಹಲವು ಸೆನ್ಸರ್ ಸ್ವಿಚ್ಚುಗಳಿಗೆ ಅದು ಬೇಕು. ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇನ್ವರ್ಟರ್ ಇದ್ದರೆ ಈ ದೀಪ ಅದರ ಲೈನಿಗೇ ಸೇರಲಿ. ಬಾಡಿಗೆ ಮನೆಯವರಿಗೆ ಚಾರ್ಜ್ ಮಾಡುವ, ಅಂಟಿಸುವ ಪಟ್ಟಿ ದೀಪ ಸಾಕು. ಯಾರು ಯಾವ ವಾರ ಚಾರ್ಜ್ ಮಾಡಬೇಕೆಂದು ಮಾತ್ರ ಮನೆಯಲ್ಲಿ ಗೊತ್ತುಮಾಡಿಕೊಳ್ಳಿ. ಮೊಬೈಲ್, ವೈಫೈಗೆ ಜೋಡಿಸುವ ಸ್ಮಾರ್ಟ್ ಬಲ್ಬುಗಳು ನೋಡಲು ಚೆಂದ. ಆದರೆ ವೈಫೈ ಕೈಕೊಟ್ಟರೂ ಹತ್ತುವ ದೀಪವೇ ಈ ದಾರಿಗೆ ಸರಿ.

ಬೆಳಕು ಹಳದಿ ಛಾಯೆಯದು, ಮಂದವಾದದ್ದು ಇರಲಿ. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುತ್ತದೆ. ನಿದ್ದೆಗಣ್ಣಿಗೆ ಅದು ಚುಚ್ಚುವುದಿಲ್ಲ. ನೀಲಿ ಛಾಯೆಯ ಬಿಳಿ ಬೆಳಕಿಗಿಂತ ಹಳದಿಗೆ ಹುಳುಗಳು ಕಡಿಮೆ ಬರುತ್ತವೆ; ಮಳೆಗಾಲದಲ್ಲಿ ದೀಪದ ಕೆಳಗೆ ಸತ್ತುಬಿದ್ದ ಹುಳುಗಳನ್ನು ಕಂಡು ನೊಂದುಕೊಳ್ಳುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಕರೆಂಟ್ ಬಿಲ್ಲಿನ ಉಳಿತಾಯದ ಮಾತಿಗೆ ಮರುಳಾಗಬೇಡಿ. 9 ವಾಟಿನ ಎಲ್‌ಇಡಿ ರಾತ್ರಿ 10 ಗಂಟೆ ಉರಿದರೂ ತಿಂಗಳಿಗೆ 2.7 ಯೂನಿಟ್ ಅಷ್ಟೆ.

ಸೆನ್ಸರ್ ಬಲ್ಬ್ ಹಾಕಿದ ಹೋಲ್ಡರಿನ ಹಳೆಯ ಸ್ವಿಚ್ ಸದಾ ಆನ್ ಇರಬೇಕು. ಮಲಗುವ ಮುಂಚೆ ಎಲ್ಲ ಸ್ವಿಚ್ ಆರಿಸುವ ಅಭ್ಯಾಸದವರು ಪ್ರತಿ ಮನೆಯಲ್ಲೂ ಇರುತ್ತಾರೆ. ಆ ಸ್ವಿಚ್ಚಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಡಿ.