ಬೆಳಕಿಗೂ ಕಟ್ಟು ಪದ್ಧತಿ: ಹವಳದ ತೊಟ್ಟಿಗೆ ಎಲ್‌ಇಡಿ ದೀಪ

ವೋಲ್ಟೇಜ್ ಇಳಿದರೆ ದೀಪ ಮಂಕು, ಏರಿದರೆ ಪ್ರಖರ. ಮಳವಳ್ಳಿ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಹಳ್ಳಿಯ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಬುರುಡೆ ಬಲ್ಬು ಕೆಂಪಗೆ ಕುಗ್ಗುವುದನ್ನು ಕಂಡ ತಲೆಮಾರು ಇನ್ನೂ ನಮ್ಮೊಡನಿದೆ. ತಂತಿ ಬಲ್ಬಿನ ಮಟ್ಟಿಗೆ ಆ ಅನುಭವ ಪಕ್ಕಾ: ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಎಲ್‌ಇಡಿಯ ಬಳಿಗೆ ಬಂದಾಗ ಮಾತ್ರ ಇದೇ ತಿಳಿವಳಿಕೆ ಕಾಲಿಗೆ ತೊಡರುತ್ತದೆ. ಫ್ಯಾನಿನ ರೆಗ್ಯುಲೇಟರನ್ನು ಎಲ್‌ಇಡಿ ದೀಪಕ್ಕೆ ಸಿಕ್ಕಿಸಿ, ಅದು ಪಟಪಟ ಮಿನುಗಿ ಸತ್ತಮೇಲೆ ‘ಮಾಲು ಡೂಪ್ಲಿಕೇಟು’ ಎಂದು ಅಂಗಡಿಯವನನ್ನು ಬೈಯುವವರು ಬಹಳ. ಬಹುತೇಕ ಸಲ ಮಾಲು ಸರಿಯಾಗಿಯೇ ಇರುತ್ತದೆ.

ಹವಳದ ತೊಟ್ಟಿ ಅಂದರೇನು ಎಂಬುದನ್ನು ಬೇಗ ಮುಗಿಸೋಣ. ಹವಳ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುತ್ತದೆ. ಬೆಳಕು ಸಾಲದಿದ್ದರೆ ಹವಳ ಸೊರಗುತ್ತದೆ. ಅತಿಯಾದರೆ, ಜೊತೆಗೆ ನೀರೂ ಬಿಸಿಯಾದರೆ, ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆದ್ದರಿಂದಲೇ ಇಲ್ಲಿ ದೀಪ ಏರಿಳಿಸುವುದು ಅಲಂಕಾರದ ಮಾತಲ್ಲ. ಕಾನೂನಿನ ಮಾತನ್ನೂ ಈಗಲೇ ಹೇಳಿಬಿಡಬೇಕು. ಬಂಡೆ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ ನಿಜ, ಅಲ್ಲಿಂದ ಒಂದು ತುಂಡು ಮುರಿದು ತರುವುದೂ ಅಪರಾಧ. ‘ಹಾಗಾದರೆ ಮಂಡ್ಯ ಜಿಲ್ಲೆಯವರಿಗೆ ಈ ಅಧ್ಯಾಯ ಯಾಕೆ?’ ಎಂದು ಕೇಳಬಹುದು. ಸಿಹಿನೀರಿನ ಗಿಡದ ತೊಟ್ಟಿಗೂ ಇದೇ ದೀಪ ನಡೆಯುತ್ತದೆ. ನೀಲಿ ಎಲ್‌ಇಡಿಗಳ ಬದಲು ಬಿಳಿ, ಕೆಂಪು ಹೆಚ್ಚು ಹಾಕಿಕೊಂಡರಾಯಿತು. ಹವಳವನ್ನು ಲೆಕ್ಕದ ಗುರುವನ್ನಾಗಿ ಇಟ್ಟುಕೊಳ್ಳುವುದಕ್ಕೆ ಕಾರಣ, ಅದು ತಪ್ಪನ್ನು ಕ್ಷಮಿಸುವುದಿಲ್ಲ.

ಈಗ ಎಲ್‌ಇಡಿಯ ಸ್ವಭಾವ. ಮೂರು ವ್ಯಾಟಿನ ಒಂದು ನೀಲಿ ಎಲ್‌ಇಡಿ ಸುಮಾರು 3 ವೋಲ್ಟಿನ ಆಸುಪಾಸಿನಲ್ಲಿ ಉರಿಯುತ್ತದೆ. ಅದಕ್ಕಿಂತ ಸಾಕಷ್ಟು ಕೆಳಗೆ ಪ್ರವಾಹವೇ ಇಲ್ಲ ಅನ್ನಬಹುದು. ಉರಿಯುತ್ತಿರುವಾಗ ಕಾಲು ವೋಲ್ಟ್ ಹೆಚ್ಚಿಸಿದರೆ ಪ್ರವಾಹ ಇಮ್ಮಡಿಯಾಗಬಹುದು. ಸಾಲದ್ದಕ್ಕೆ ಎಲ್‌ಇಡಿ ಬಿಸಿಯಾದಂತೆಲ್ಲ ಅದೇ ಪ್ರವಾಹಕ್ಕೆ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ವೋಲ್ಟೇಜನ್ನು ಸ್ಥಿರವಾಗಿ ಹಿಡಿದು ಕೂತರೆ ಬಿಸಿಯಾದಷ್ಟೂ ಪ್ರವಾಹ ಏರುತ್ತದೆ, ಪ್ರವಾಹ ಏರಿದಷ್ಟೂ ಬಿಸಿ ಏರುತ್ತದೆ, ಕೊನೆಗೆ ಸುಡುತ್ತದೆ. ಹಾಗಾಗಿ ಕಾಯಬೇಕಾದದ್ದು ವೋಲ್ಟೇಜನ್ನಲ್ಲ, ಪ್ರವಾಹವನ್ನು. ಆ ಕಾವಲಿನ ಕೆಲಸ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆಯದು. ಹನ್ನೆರಡು ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿ, ಒಂದಕ್ಕೆ 3.2 ವೋಲ್ಟಿನಂತೆ ಒಟ್ಟು 38.4 ವೋಲ್ಟ್. 48 ವೋಲ್ಟಿನ ಪವರ್ ಸಪ್ಲೈ, ನಡುವೆ 700 ಮಿಲಿಆಂಪಿಯರಿನ ಡ್ರೈವರ್ ಇಟ್ಟರೆ ಸರಣಿ ಸುಮಾರು 27 ವ್ಯಾಟ್ ಉಣ್ಣುತ್ತದೆ. ಅದರಲ್ಲಿ ದೊಡ್ಡ ಪಾಲು ಬಿಸಿಯಾಗಿಯೇ ಹೋಗುವುದರಿಂದ ಎಲ್‌ಇಡಿಗಳನ್ನು ಅಲ್ಯೂಮಿನಿಯಂ ಹೀಟ್‌ಸಿಂಕಿನ ಮೇಲೆ ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ ಬಿಗಿಯಬೇಕು. ಪೇಸ್ಟು ದಪ್ಪವಾದಷ್ಟು ಒಳ್ಳೆಯದೆಂದು ಮೆತ್ತುವವರಿದ್ದಾರೆ; ಅದು ಲೋಹಕ್ಕಿಂತ ಕಳಪೆ ವಾಹಕ, ನಡುವಿನ ಗಾಳಿಯನ್ನು ಓಡಿಸುವುದಷ್ಟೇ ಅದರ ಕೆಲಸ.

ಹಾಗಾದರೆ ಬೆಳಕು ತಗ್ಗಿಸುವುದು ಹೇಗೆ? ಉತ್ತರ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೇ ಇದೆ. ಕೃಷ್ಣರಾಜಸಾಗರದಲ್ಲಿ ನೀರು ಕಡಿಮೆಯಾದಾಗ ನಾಲೆಗೆ ದಿನವೂ ಅರ್ಧರ್ಧ ನೀರು ಬಿಡುವುದಿಲ್ಲ. ಕಟ್ಟು ಪದ್ಧತಿಯಲ್ಲಿ ಕೆಲವು ದಿನ ತುಂಬು ನೀರು, ಕೆಲವು ದಿನ ನಿಲುಗಡೆ. ಅರ್ಧ ಮಟ್ಟದಲ್ಲಿ ಹರಿದರೆ ಮೇಲಿನ ತೂಬುಗಳವರು ಹೇಗೋ ಗದ್ದೆ ನೆನೆಸಿಕೊಳ್ಳುತ್ತಾರೆ, ನಾಲೆಯ ಕೊನೆ ಭಾಗದಲ್ಲಿರುವ ಮಳವಳ್ಳಿಯ ತೂಬಿಗೆ ನೀರು ಏರುವುದೇ ಇಲ್ಲ. ತುಂಬಿ ಹರಿದಾಗ ಎಲ್ಲರಿಗೂ ಸಿಗುತ್ತದೆ. ನಿಲುಗಡೆಯ ದಿನಗಳನ್ನು ಮಣ್ಣಿನ ತೇವ ದಾಟಿಸುತ್ತದೆ. ಪಿಡಬ್ಲ್ಯೂಎಂ ಎಂದು ಎಲೆಕ್ಟ್ರಾನಿಕ್ಸಿನವರು ಕರೆಯುವ ವಿಧಾನ ಇದೇ. ಎಲ್‌ಇಡಿಗೆ ಪ್ರವಾಹ ಕೊಟ್ಟರೆ ಪೂರ್ತಿ 700 ಮಿಲಿಆಂಪಿಯರ್, ಇಲ್ಲದಿದ್ದರೆ ಸೊನ್ನೆ. ಸೆಕೆಂಡಿಗೆ 1000 ಕಟ್ಟು ಅಂದುಕೊಳ್ಳಿ, ಒಂದೊಂದರಲ್ಲಿ 0.3 ಮಿಲಿಸೆಕೆಂಡ್ ಉರಿದು 0.7 ಮಿಲಿಸೆಕೆಂಡ್ ಆರಿದ್ದರೆ ಶೇ. 30ರ ಬೆಳಕು. ಹೊತ್ತಿಕೊಂಡಾಗಲೆಲ್ಲ ಪ್ರವಾಹ ಅದೇ ಆದ್ದರಿಂದ ಬಣ್ಣ ವಾಲುವುದಿಲ್ಲ.

‘ಮಿನುಗುವ ಬೆಳಕು ಪಾಚಿಗೆ ಒಗ್ಗೀತೇ?’ ಎಂಬುದು ನ್ಯಾಯವಾದ ಆಕ್ಷೇಪ, ಇದಕ್ಕೆ ಕೊಂಚ ನಿಧಾನವಾಗಿಯೇ ಉತ್ತರಿಸಬೇಕು. ಶಿವನಸಮುದ್ರದ ಮೊದಲ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು. ಒಂದು ಆವರ್ತಕ್ಕೆ ಎರಡು ಬಾರಿಯಂತೆ ಬಲ್ಬಿನ ತಂತಿಗೆ ಸೆಕೆಂಡಿಗೆ 50 ಸಲ ಬಿಸಿಯ ಹೊಡೆತ ಬೀಳುತ್ತಿತ್ತು. ನಡುವಿನ ತಗ್ಗುಗಳನ್ನು ಕಾದ ತಂತಿ ತಾನೇ ಬಹುಮಟ್ಟಿಗೆ ತುಂಬುತ್ತಿತ್ತು. ಎಲ್‌ಇಡಿಯಲ್ಲಿ ಅಂಥ ದಾಸ್ತಾನಿಲ್ಲ, ಪ್ರವಾಹ ನಿಂತ ಕೂಡಲೇ ಕತ್ತಲೆ. ಹಾಗಿದ್ದ ಮೇಲೆ ದಾಸ್ತಾನು ಬೆಳಕನ್ನು ಪಡೆಯುವವನ ಬಳಿ ಇರಬೇಕು. ಇದೆ. 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಎಮರ್ಸನ್ ಮತ್ತು ವಿಲಿಯಂ ಆರ್ನಾಲ್ಡ್ ಕ್ಲೋರೆಲ್ಲಾ ಎಂಬ ಪಾಚಿಗೆ ಬೆಳಕನ್ನು ಮಿಂಚುಮಿಂಚಾಗಿ ಕೊಟ್ಟು ನೋಡಿದರು. ಬೆಳಕನ್ನು ಹಿಡಿಯುವ ಕೆಲಸ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಹಿಡಿದದ್ದನ್ನು ಅರಗಿಸಿಕೊಳ್ಳುವ, ಬೆಳಕು ಬೇಡದ ಮುಂದಿನ ಕೆಲಸಕ್ಕೆ 25 ಡಿಗ್ರಿಯಲ್ಲಿ 0.04 ಸೆಕೆಂಡಿನೊಳಗಿನ ಕಾಲ ಹಿಡಿಯುತ್ತದೆ ಎಂದು ಅವರಿಗೆ ಕಂಡಿತು. ಎಷ್ಟು ಸರಳ ಸಲಕರಣೆ, ಎಂಥ ಉತ್ತರ! ನಮ್ಮ ದೀಪದ ಕತ್ತಲೆ ಒಂದು ಮಿಲಿಸೆಕೆಂಡನ್ನೂ ಮುಟ್ಟುವುದಿಲ್ಲ. ಪಾಚಿ ಹಿಂದಿನ ತುತ್ತನ್ನೇ ಇನ್ನೂ ಅರಗಿಸುತ್ತಿರುವಾಗ ಮುಂದಿನ ತುತ್ತು ಬಂದಿರುತ್ತದೆ. ಹವಳದ ಪಾಚಿ ಕ್ಲೋರೆಲ್ಲಾ ಅಲ್ಲ, ಅದರ ವರ್ಣದ್ರವ್ಯಗಳೇ ಬೇರೆ ಎಂದು ತಕರಾರು ತೆಗೆಯಬಹುದು. ಬೆಳಕು ಹಿಡಿಯುವ ಬಲೆ ಬೇರೆಯಾದರೂ ಒಳಗಿನ ಯಂತ್ರದ ಮೂಲ ರಚನೆ ಎರಡರಲ್ಲೂ ಒಂದೇ.

ಇನ್ನೊಂದು ಆಕ್ಷೇಪ ಲೆಕ್ಕ ಬಲ್ಲವರದು: ಪ್ರವಾಹವನ್ನೇ ನೇರವಾಗಿ ಇಳಿಸಿದರೆ ಎಲ್‌ಇಡಿ ಪ್ರತಿ ವ್ಯಾಟಿಗೆ ಹೆಚ್ಚು ಬೆಳಕು ಕೊಡುತ್ತದಲ್ಲ? ಕೊಡುತ್ತದೆ, ಒಪ್ಪಬೇಕು. ಹಗಲೆಲ್ಲ ಒಂದೇ ಮಟ್ಟದಲ್ಲಿ ಉರಿಯುವ ದೀಪಕ್ಕೆ ಅದೇ ಜಾಣತನ. ನಸುಕಿನಿಂದ ನಡುಹಗಲಿಗೆ ಶೇ. 1ರಿಂದ 100ರವರೆಗೆ ಮೆಲ್ಲಗೆ ಏರಬೇಕಾದ ದೀಪಕ್ಕೆ ಕೆಳಗಿನ ಕೊನೆಯಲ್ಲಿ ಪ್ರವಾಹವನ್ನು ಅಷ್ಟು ಸಣ್ಣಗೆ ಅಳೆದು ಕೊಡುವುದು ಕಷ್ಟ, ಕಾಲವನ್ನು ಅಳೆಯುವುದು ಸುಲಭ. ಆರ್ಡುಯಿನೊ ಉನೊ ಎಂಬ ಅಗ್ಗದ ಬೋರ್ಡಿನ 5 ಮತ್ತು 6ನೇ ಪಿನ್ನುಗಳು ಸುಮಾರು 980 ಹರ್ಟ್ಸ್‌ನಲ್ಲಿ 256 ಮೆಟ್ಟಿಲುಗಳ ಪಿಡಬ್ಲ್ಯೂಎಂ ಕೊಡುತ್ತವೆ. ಮೀನ್‌ವೆಲ್‌ನ ಎಲ್‌ಡಿಡಿ-700ಎಚ್‌ನಂಥ ಡ್ರೈವರ್ 100ರಿಂದ 1000 ಹರ್ಟ್ಸ್‌ವರೆಗೆ ಸ್ವೀಕರಿಸುತ್ತದೆ. ಆದರೆ ಅದರ ಡಿಮ್ ತಂತಿ ಯಾವುದಕ್ಕೂ ಸೇರದೆ ತೇಲುತ್ತಿದ್ದರೆ ದೀಪ ಪೂರ್ತಿ ಉರಿಯುತ್ತದೆ. ಕರೆಂಟು ಹೋಗಿ ಬಂದಾಗ ಬೋರ್ಡು ಎಚ್ಚರಗೊಳ್ಳುವ ಒಂದೆರಡು ಕ್ಷಣ ಪಿನ್ನು ತೇಲುತ್ತದೆ, ನಡುರಾತ್ರಿ ತೊಟ್ಟಿಯಲ್ಲಿ ನಡುಹಗಲು. ಡಿಮ್ ತಂತಿಯನ್ನು ಒಂದು ರೆಸಿಸ್ಟರಿನ ಮೂಲಕ ಗ್ರೌಂಡಿಗೆ ಎಳೆದಿಟ್ಟರೆ ಈ ಕಾಟ ತಪ್ಪುತ್ತದೆ. ಉಪ್ಪುನೀರಿನ ಮೇಲೆ ಕೈಯಾರೆ ಕಟ್ಟಿದ ದೀಪ ತೂಗುವವರು ವಿದ್ಯುತ್ತು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕದೆ ಸ್ವಿಚ್ಚು ಮುಟ್ಟಬಾರದು, ಇದರಲ್ಲಿ ಚರ್ಚೆಯಿಲ್ಲ.

ಎಲ್ಲ ಸರಿಯಾಗಿ ಕಟ್ಟಿದವರೂ ಎಡವುವುದು ಕಣ್ಣನ್ನು ನಂಬಿ. ಬೆಳಕನ್ನು ಶೇ. 18ಕ್ಕೆ ಇಳಿಸಿದಾಗ ನಮ್ಮ ಕಣ್ಣಿಗೆ ಅದು ಅರ್ಧ ಇಳಿದಂತೆ ತೋರುತ್ತದೆ. ‘ಅರ್ಧ’ಕ್ಕೆ ಇಟ್ಟೆನೆಂದುಕೊಂಡವರ ಹವಳ ಉಪವಾಸ ಬಿದ್ದಿರುತ್ತದೆ. ನೀಲಿ ಬೆಳಕಿನಲ್ಲಿ ಮೋಸ ಇನ್ನೂ ಹೆಚ್ಚು: 450 ನ್ಯಾನೊಮೀಟರಿನ ನೀಲಿಗೆ ಕಣ್ಣು ತೋರುವ ಸ್ಪಂದನೆ ಹಸಿರಿನ ಶೇ. 4ರಷ್ಟೂ ಇಲ್ಲ. ಫೋನಿನ ಲಕ್ಸ್ ಮೀಟರ್ ಕೂಡ ಕಣ್ಣಿನ ಅಳತೆಯನ್ನೇ ಅನುಸರಿಸುವಂಥದ್ದು. ಪಾಚಿಗೆ ಅದೇ ನೀಲಿ ಮೃಷ್ಟಾನ್ನ. ಮಬ್ಬಾಗಿದೆಯೆಂದು ಇನ್ನಷ್ಟು ಏರಿಸಿ ಹವಳವನ್ನು ಬಿಳಿಚಿಸುವುದು ಹೀಗೆ. ಅಳೆಯಬೇಕಾದದ್ದು 400ರಿಂದ 700 ನ್ಯಾನೊಮೀಟರಿನ ನಡುವಿನ ಬೆಳಕಿನ ಕಣಗಳ ಎಣಿಕೆಯನ್ನು, ಅಂದರೆ ಪಾರ್ ಮೌಲ್ಯವನ್ನು. ಆ ಮೀಟರ್ ದುಬಾರಿ. ಇಲ್ಲದವರು ಮೂರನೇ ಒಂದು ಭಾಗದ ಉರಿಯಿಂದ ಆರಂಭಿಸಿ, ವಾರಗಟ್ಟಲೆ ಹಂತಹಂತವಾಗಿ ಏರಿಸುತ್ತ, ಜೀವ ಹೇಗಿದೆ ಎಂದು ಗಮನಿಸುವುದೇ ಕ್ಷೇಮ.

ಇಷ್ಟು ಓದಿದವರು ಇಲ್ಲಿಗೇ ನಿಲ್ಲಬಾರದೆಂಬುದು ಬೇಡಿಕೆ. ಮಳವಳ್ಳಿಯ ಯಾವುದೇ ಹೈಸ್ಕೂಲಿನಲ್ಲಿ ಹವಳವಿಲ್ಲದೆಯೂ ಪರೀಕ್ಷಿಸಬಹುದಾದದ್ದು ಒಂದಿದೆ. ಪಠ್ಯದಲ್ಲಿರುವ ಹೈಡ್ರಿಲ್ಲಾ ಪ್ರಯೋಗವನ್ನೇ ತೆಗೆದುಕೊಳ್ಳಿ: ಬೀಕರಿನ ನೀರಿಗೆ ಚಿಟಿಕೆ ಅಡುಗೆ ಸೋಡಾ, ಗಿಡದ ಮೇಲೆ ಮಗುಚಿದ ಆಲಿಕೆ, ಏಳುವ ಗುಳ್ಳೆಗಳ ಎಣಿಕೆ. ಮೇಲೆ ಈ ದೀಪವನ್ನು ಹತ್ತಿರದಲ್ಲಿ ತೂಗಿ ಶೇ. 50ಕ್ಕೆ ಇಡಿ, ಮೊದಲು 980 ಹರ್ಟ್ಸ್‌ನಲ್ಲಿ, ಆಮೇಲೆ ಒಂದು ಸೆಕೆಂಡ್ ಉರಿ, ಒಂದು ಸೆಕೆಂಡ್ ಕತ್ತಲೆಯಂತೆ. ಒಟ್ಟು ಬೆಳಕು ಎರಡರಲ್ಲೂ ಒಂದೇ. ಗಿಡಕ್ಕೆ ಸಾಕುಸಾಕೆನಿಸುವಷ್ಟು ಪ್ರಖರ ಬೆಳಕಿದ್ದರೆ ಎರಡನೆಯ ಬಾರಿ ಗುಳ್ಳೆ ಕಡಿಮೆಯಾಗಬೇಕು, ಏಕೆಂದರೆ ಒಂದು ಸೆಕೆಂಡಿನ ನಿಲುಗಡೆಯನ್ನು ದಾಟಿಸುವಷ್ಟು ದಾಸ್ತಾನು ಎಲೆಯಲ್ಲಿಲ್ಲ. ದೀಪವನ್ನು ದೂರ ಸರಿಸಿ ಬೆಳಕು ಕಡಿಮೆ ಮಾಡಿದರೆ ಈ ವ್ಯತ್ಯಾಸ ಕರಗುತ್ತ ಬರಬೇಕು. ಎಷ್ಟು ದೂರಕ್ಕೆ ಕರಗುತ್ತದೆ ಎಂಬುದನ್ನು ಮಕ್ಕಳೇ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ.